ಲೀಕಿನ ಮಡೀಲಿ ಓದ ನನ್ನ ಮೀಸೆ

ಮೊದ್ಲು ನನ್ನ ಮೀಸೆ ವಿಚಾರ ಯೋಳ್ಬುಡ್ತೀನಿ. ಅನ್ನೊಂದು ಕೂದ್ಲಿತ್ತು. ಎಡಕ್ಕೆ ಆರು, ಬಲಕ್ಕೆ ಐದು. ತಂಗಿ ಒಂಬತ್ತೇ ಅಂತಾಳೆ, ಆದ್ರೆ ಅವ್ಳು ಲೆಕ್ಕದಲ್ಲಿ ಎರಡು ಸಲ ಫೇಲು. ನಮ್ಮ ಐಸ್ಕೂಲಲ್ಲಿ ಅಷ್ಟು ದೊಡ್ಡ ಮೀಸೆ ಇದ್ದುದ್ದು ನಂಗೊಬ್ಬನ್ಗೇಯ, ಪೀಟಿ ಮೇಷ್ಟ್ರನ್ನ ಬುಟ್ರೆ.

ಅಂಥಾ ಮೀಸೆನ ಒಂದು ತರಕಾರಿ ಮೇಲೆ ಪಣಕ್ಕಿಟ್ಟೆ.

ದಸರಾ ರಜದಲ್ಲಿ ಸ್ಕೂಲಿಂದ ಊಟಿ ಟೂರು ಓಗಿದ್ವಿ. ಎಲ್ರೂ ನೀಲಗಿರಿ ಎಣ್ಣೆ, ಚಾಕ್ಲೇಟು ತಗಂಡ್ರು. ನಾನು ಬೀಜದ ಪೊಟ್ಣ ತಗಂಡೆ. ಮೇಲೆ ಇಂಗ್ಲೀಷಲ್ಲಿ 'ಲೀಕ್' ಅಂತ ಬರ್ದಿತ್ತು. ಈರುಳ್ಳಿ ಜಾತೀದೇ, ಪಾಂಡವಪುರ ತಾಲೂಕಲ್ಲಿ ಒಂದ್ ನರಪಿಳ್ಳೆನೂ ಕಂಡಿಲ್ದಿದ್ದು. ಬಸ್ಸು ಗುಂಡ್ಲುಪೇಟೆ ದಾಟೋ ಒತ್ಗೆ, "ಬಿಳೀ ದೊರೆಗಳು ಇದ್ನ ತಿಂದೇ ಕಣ್ರಲಾ ನಮ್ಮನ್ನ ಆಳಿದ್ದು" ಅಂತ ಅರ್ಧ ಬಸ್ಸನ್ನ ನಂಬ್ಸಿದ್ದೆ. ಇನ್ನರ್ಧ ಬಸ್ಸು ವಾಂತಿ ಮಾಡ್ತಿತ್ತು.

ಬೆಳೆಯೋದೆಂಗೆ ಅಂತ ಪೊಟ್ಣದ ಇಂದೆ ಇಂಗ್ಲೀಷಲ್ಲಿತ್ತು. ಡಿಕ್ಷನರಿ ಇಟ್ಕಂಡು ಎರಡು ದಿನ ಓದ್ದೆ. ಕೊನೇ ಸಾಲಿಗೆ ಬಂದಾಗ ಡಿಕ್ಷನರಿನ ಇನ್ನೊಂದ್ಸಲ ತಿರುವಾಕ್ದೆ. ಇದು ಗೆಡ್ಡೆ ಕಟ್ಟಕಿಲ್ವಂತೆ! ಮಣ್ಣೊಳಗಿರೋ ಬಿಳೀ ಕಾಂಡಾನೇ ತಿನ್ಬೇಕಂತೆ. ನಂಗೆ ಬೇಕಾಗಿದ್ದುದ್ದು ಇತ್ಲಲ್ಲಿ ಅಜ್ಜಿ ಕೊತ್ತಂಬರಿ ಆಕೋ ಮಡಿ. ಗೆಡ್ಡೆನೇ ಇಲ್ದಿರೋ ಈರುಳ್ಳಿಗೆ ಅಜ್ಜಿ ಮಡಿ ಬುಟ್ಕೊಡ್ತಾಳಾ? ಬೀಜ ಈಚೆಗೆ ತಗಂಡು ಪೊಟ್ಣನ ಬಚ್ಚಲೊಲೆಗೆ ಆಕ್ಬುಟ್ಟೆ. ಯಾಕಂದ್ರೆ ಮನೇಲಿ ಚಿಕ್ಕಪ್ಪ ಬಿ.ಎ. ಓದ್ಕಂಡಿದ್ದ, ಅವ್ನಿಗೂ ಇಂಗ್ಲೀಷ್ ಬತ್ತಿತ್ತು.

"ಗೆಡ್ಡೆ ಎಷ್ಟ್ ದಪ್ಪ ಬತ್ತದ್ಲಾ?" ಅಂದ ಚಿಕ್ಕಪ್ಪ.

"ನಿನ್ ಮುಷ್ಟಿಯಷ್ಟು."

"ಬರ್ನಿಲ್ಲ ಅಂದ್ರೆ?"

ಅಲ್ಲಿಗೇ ಬಾಯಿ ಮುಚ್ಕಬೇಕಿತ್ತು. "ಯುಗಾದಿ ಒತ್ಗೆ ಬರ್ನಿಲ್ಲ ಅಂದ್ರೆ ಮೀಸೆ ಬೋಳುಸ್ತೀನಿ!" ಅಂದ್ಬುಟ್ಟೆ.

"ಯಾವ ಮೀಸೆಲಾ?" ಅಂತ ಚಿಕ್ಕಪ್ಪ ನನ್ನ ಮೂತಿನ ಬೆಳಕ್ಗೆ ತಿರುಗ್ಸಿ ನೋಡ್ದ.

ಅಜ್ಜಿ ಮಾತ್ರ ಕರಗೋದ್ಲು. "ಪಾಪ, ಈಗಿನ್ನೂ ಮೊಳೀತಾ ಅದೆ" ಅಂತ ಕೊತ್ತಂಬರಿನೆಲ್ಲ ಕಿತ್ತು ಮಡಿ ಬುಟ್ಕೊಟ್ಲು. ನನ್ನ ಲೆಕ್ಕಾಚಾರ ಏನಪ್ಪ ಅಂದ್ರೆ, ಮೊಳದುದ್ದ ಬಿಳೀ ಕಾಂಡ ಈಚೆಗೆ ಬಂದ್ ದಿವ್ಸ ಎಲ್ರೂ ಬಾಯ್ಬುಟ್ಕಂಡು ನೋಡ್ತಾರೆ, ಗೆಡ್ಡೆ ಸುದ್ದಿ ಯಾರ್ ತಾನೇ ಎತ್ತಾರು?

ಬೆಳೆ ವಿಚಾರದಲ್ಲಿ ಮಾತ್ರ ನಾನು ಮೋಸ ಮಾಡ್ನಿಲ್ಲ. ಅಳೇ ಮಂಕ್ರಿಗೆ ಮಣ್ಣು, ಕುರಿಗೊಬ್ರ ತುಂಬಿ ಬೀಜ ಚೆಲ್ದೆ. ದಾರದೆಳೆ ಅಂಗೆ ಪೈರು ಬಂತು. ಪೆನ್ಸಿಲ್ ಗಾತ್ರ ಆದ್ಮೇಲೆ ಮಡೀಲಿ ಗೂಟದಿಂದ ಗೇಣುದ್ದ ತೂತು ಒಡ್ದು, ಒಂದೊಂದನ್ನೇ ಇಳ್ಸಿ, ಮಣ್ಣು ಮುಚ್ಚದಂಗೆ ಬರೀ ನೀರು ಬುಟ್ಟೆ. ಆಮೇಲೆ ಅದಿನೈದು ದಿನಕ್ಕೊಂದ್ಸಲ ಕಬ್ಬಿಗೆ ಏರ್ಸೋ ಅಂಗೆ ಬುಡಕ್ಕೆ ಮಣ್ಣು ಏರ್ಸ್ದೆ, ಬಿಸ್ಲು ಬೀಳ್ದೆ ಕಾಂಡ ಬೆಳ್ಳಗಾಗ್ಲಿ ಅಂತ. ಬಚ್ಚಲ ನೀರಲ್ಲಿ ಸೋಪಿರ್ತದೆ ಅಂತ ನಾಲೇಲಿ ಕೊಡ ತುಂಬ್ಕಂಡು ಸೈಕಲ್ಲಲ್ಲಿ ಕಟ್ಕಂಡ್ ಬತ್ತಿದ್ದೆ. ಗರಿಗಳು ಅಚ್ಚ ಅಸ್ರಾಗಿ, ಸಿಪಾಯಿಗಳಂಗೆ ನಿಂತ್ಕಂಡ್ವು. ನೋಡಕೆ ಚಿನಕುರಳಿಯಿಂದ ಬಸ್ಸು ಬುಡ್ತಾರೆ ಅಂತ ಸುದ್ದಿ ಇತ್ತು. ಸುದ್ದಿ ಅಬ್ಸಿದ್ದು ನಾನೇ.

ಯುಗಾದಿಗೆ ಇನ್ನೆಂಟು ದಿನ ಇತ್ತು. ಸ್ಕೂಲಿಂದ ಬಂದು ನೋಡ್ತೀನಿ, ಇಡೀ ಮಡಿ ನೆಲಕ್ಕೆ ಮಲ್ಗ್ಬುಟ್ಟದೆ. ಒಂದ್ ಗರಿನೂ ನಿಂತಿಲ್ಲ. ಮಧ್ಯದಲ್ಲಿ ಅಜ್ಜಿ ಸೀರೆ ಎತ್ಕಟ್ಕಂಡು ನಿಂತವ್ಳೆ, ಕಾಲೆಲ್ಲ ಅಸ್ರು.

"ಅಜ್ಜೀ! ಏನ್ಮಾಡ್ಬುಟ್ಟೆ!"

"ಕೂಗ್ಬ್ಯಾಡ ಕಣ್ ಮಗ. ಬುಡ ಕೆದಕಿ ನೋಡ್ದೆ, ಗೆಡ್ಡೆನೇ ಉಬ್ಬಿಲ್ಲ. ನಿನ್ ಮೀಸೆ ಓಯ್ತದಲ್ಲ ಅಂತ ಒಟ್ಟೆ ಉರಿದೋಯ್ತು. ನಮ್ಮ ನಾಗಮಂಗ್ಲದ ಕಡೆ ಈರುಳ್ಳಿ ಸೊಪ್ಪಿಗೇ ಓಗಿ ಗೆಡ್ಡೆ ಕಟ್ನಿಲ್ಲ ಅಂದ್ರೆ ಇಂಗೇ ತುಳ್ದು ಮಲ್ಗಿಸ್ತೀವಿ. ಸತ್ವವೆಲ್ಲ ಕೆಳಕ್ಕಿಳೀತದೆ."

ನಾನು ಏನಂತ ಬೈಲಿ? ಗೆಡ್ಡೆ ಬತ್ತದೆ ಅಂತ ಆ ಮುದುಕೀನ ಆರು ತಿಂಗ್ಳಿಂದ ನಂಬ್ಸಿದ್ದೋನು ನಾನೇ. ಬೆಳಗ್ಗಿಂದ ಒಂದೊಂದೇ ಸಾಲು ತುಳ್ದಿದ್ಲಂತೆ, ಮಂಡಿ ನೋವಲ್ಲಿ.

ಯುಗಾದಿ ದಿವ್ಸ ಅಗೆದ್ವಿ. ಮೇಲ್ಗಡೆ ಗರಿ ಒಣ್ಗಿದ್ರೂ, ಮಣ್ಣೊಳಗೆ ಕಾಂಡ ಸುಣ್ಣದಂಗೆ ಬೆಳ್ಳಗೆ, ಗೇಣಿಗಿಂತ ಉದ್ದ, ನನ್ನ ಎಬ್ಬೆಟ್ಟಿನ ಎರಡರಷ್ಟು ದಪ್ಪ ಇತ್ತು. ಪೊಟ್ಣದ ಚಿತ್ರದಲ್ಲೂ ಅಷ್ಟು ಚೆಂದಾಗಿರ್ನಿಲ್ಲ. ಯಾರೂ ಬಾಯ್ಬುಟ್ಕಂಡು ನೋಡ್ನಿಲ್ಲ.

"ಗೆಡ್ಡೆ ಎಲ್ಲದ್ಲಾ?" ಅಂದ ಚಿಕ್ಕಪ್ಪ, ಮುಷ್ಟಿ ಮುಂದಕ್ಕಿಡ್ದು.

"ಇದ್ಕೆ ಗೆಡ್ಡೆನೇ ಬರಕಿಲ್ಲ ಕಣ್ ಚಿಕ್ಕಪ್ಪ! ಇದೇ ತಿನ್ನೋದು! ಪೊಟ್ಣದಲ್ಲೇ ಬರ್ದಿತ್ತು!"

"ಅಂಗಾ? ತಾ ಪೊಟ್ಣನ, ಓದಾನ."

ನನ್ನ ಕಣ್ಣು ತನ್ನಷ್ಟಕ್ಕೆ ತಾನೇ ಬಚ್ಚಲ ಕಡೆ ತಿರುಗ್ತು.

ಪಾಂಡವಪುರ ಬಸ್ ಸ್ಟ್ಯಾಂಡ್ ಅತ್ರ ಕಟಿಂಗ್ ಶಾಪಲ್ಲಿ ಕೂರ್ಸುದ್ರು. ಅಂಗ್ಡಿಯೋನು ಕತ್ತಿ ಇಡ್ಕಂಡು ಸೋಪು ಅಚ್ಚೋಕೆ ಮುಂಚೆ ಒಂದ್ಸಲ, ಅಚ್ಚಿದ್ ಮೇಲೊಂದ್ಸಲ ನೋಡ್ದ. "ಎಲ್ಲೈತಣ್ಣ?" ಅಂತ ಚಿಕ್ಕಪ್ಪನ್ನೇ ಕೇಳ್ದ. ಎರಡೇ ಎಳೆತ. ಆರೂ ಐದೂ ಒಟ್ಗೇ ಓದ್ವು.

ಮನೇಲಿ ಅಜ್ಜಿ ಆ ಕಾಂಡನೆಲ್ಲ ಅವರೆಕಾಳು ಜೊತೆ ಬೇಯ್ಸಿ ಬಸ್ಸಾರು ಮಾಡಿದ್ಲು. ಚಿಕ್ಕಪ್ಪ ಮೂರು ಮುದ್ದೆ ಮುರುದ್ಬುಟ್ಟು, "ಗೆಡ್ಡೆ ಇದ್ದಿದ್ರೆ ಇನ್ನೂ ರುಚಿ ಇರೋದು" ಅಂದ. ಅಜ್ಜಿ ಮಾತ್ರ ಕೊನೇ ಒಂದು ಸಾಲು ಕೀಳಕೆ ಬುಟ್ಟಿಲ್ಲ, ಇವತ್ತಿಗೂ ನೀರು ಉಯ್ತಾವ್ಳೆ.

"ಅದ್ಕೆ ಗೆಡ್ಡೆ ಬರಕಿಲ್ಲ ಕಣಜ್ಜಿ" ಅಂದೆ ಮೊನ್ನೆ. ಈ ಸಲ ನಿಜ್ವಾಗ್ಲೂ ಸತ್ಯ ಯೋಳ್ದೆ.

ನನ್ನ ಮೇಲ್ತುಟಿ ಸವರಿ ನೋಡಿ ಅಂದ್ಲು, "ಬತ್ತದೆ ಕಣ್ ಬುಡ್ಲಾ. ಎರಡೂ ಬತ್ತದೆ."