ಮೇಣದ ಹಾಳೆಯ ಒತ್ತುಗಳು

ಹಿರಿಯೂರಿನ ಒಂದು ಸಣ್ಣ ಕಚೇರಿಯಲ್ಲಿ ನನಗೆ ಮೂರು ತಿಂಗಳ ಕೆಲಸ ಸಿಕ್ಕಿತ್ತು. ರೈತರಿಗೆ ಹಂಚುವ ತಿಳಿವಳಿಕೆ ಪತ್ರಗಳನ್ನು ಕನ್ನಡದಲ್ಲಿ ಟೈಪು ಮಾಡಬೇಕು. ಎಪ್ಪತ್ತರ ದಶಕದ ನಡುವಿನ ಮಾತು. ಅಲ್ಲಿಗೆ ಕನ್ನಡ ಟೈಪ್‌ರೈಟರ್ ಬಂದು ಹೆಚ್ಚು ದಿನವಾಗಿರಲಿಲ್ಲ. ಪದವಿ ಮುಗಿಸಿ, ಟೈಪಿಂಗ್ ಕಲಿತು, ದುರ್ಗದಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಕೆಲಸ ಇರುವಷ್ಟು ದಿನ ಮನೆಯಲ್ಲಿ ಮದುವೆಯ ಮಾತು ಎತ್ತುವುದಿಲ್ಲ ಎಂದು ಅಪ್ಪ ಒಪ್ಪಿದ್ದರು.

ಆ ಯಂತ್ರದ ಒತ್ತಕ್ಷರದ ಕೀಲಿಗಳಿಗೆ ಒಂದು ಗುಣವಿತ್ತು. ಬಡಿದರೆ ಗುರುತು ಮೂಡುತ್ತದೆ, ಕಾಗದ ಹಿಡಿದ ಗಾಡಿ ಮಾತ್ರ ಸರಿಯುವುದಿಲ್ಲ. ಅದೇ ಜಾಗಕ್ಕೆ ಮೇಲಿನ ಅಕ್ಷರ ಬಂದು ಕೂತ ಮೇಲೆಯೇ ಅದು ಮುಂದಕ್ಕೆ ಹೋಗುವುದು. ಕೈಯಲ್ಲಿ ಬರೆಯುವಾಗ ಅಕ್ಷರ ಮೊದಲು, ಒತ್ತು ಆಮೇಲೆ, ಇಲ್ಲಿ ತಿರುವುಮುರುವು. ಇನ್ನೂ ಬಾರದ ಅಕ್ಷರಕ್ಕಾಗಿ ಒತ್ತೊಂದು ಖಾಲಿ ಜಾಗದ ಕೆಳಗೆ ಕಾಯುವುದನ್ನು ನೋಡಲು ನನಗೆ ಇಷ್ಟವಾಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

ಮೊದಲ ಪತ್ರ ಹತ್ತಿ ಬಿತ್ತನೆಯದು. "ಸೋಮವಾರ ಆದಿವಾಲದ ರೈತರು ಬರ್ತಾರೆ, ಅಷ್ಟರೊಳಗೆ ಪ್ರತಿಗಳು ಬೇಕು," ಎಂದರು ಅಧಿಕಾರಿಗಳು. "ಆಗದಿದ್ದರೆ ದುರ್ಗದ ಪ್ರೆಸ್ಸಿಗೆ ಕೊಡ್ತೀನಿ. ಆಮೇಲೆ ಟೈಪಿಸ್ಟು ಯಾಕೆ ಅಂತ ಮೇಲಿನವರು ಕೇಳ್ತಾರೆ, ನೋಡಿ."

ಪ್ರತಿ ತೆಗೆಯಲು ಸ್ಟೆನ್ಸಿಲ್ ಬೇಕು. ರಿಬ್ಬನ್ ಸರಿಸಿ, ಬರೀ ಅಚ್ಚುಗಳಿಂದ ಮೇಣದ ಹಾಳೆಯನ್ನು ಕೊರೆಯಬೇಕು. ಕೊರೆದಲ್ಲಿ ಮಸಿ ಇಳಿಯುತ್ತದೆ. ಶನಿವಾರ ಬೆಳಿಗ್ಗೆ ಕೊರೆದು ಕೊಟ್ಟೆ. ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರ ತಿರುಗಿಸುವವರು ವಯಸ್ಸಾದ ಜವಾನರು, ಕುರಿ ಸಾಕುವ ಮನೆಯವರು. ಮೊದಲ ಪ್ರತಿ ಎತ್ತಿ ಹಿಡಿದು ನಕ್ಕರು.

"ಏನವ್ವ ಇದು! ನಮ್ ಕುರಿ ಮೇದ್ರೂ ಇಷ್ಟು ಸಾಲಾಗಿ ಮೇಯಲ್ಲ."

ಒತ್ತು ಇದ್ದಲ್ಲೆಲ್ಲ ಮಸಿಯ ಮುದ್ದೆ. ಒತ್ತಿನ ತಲೆ ಅಕ್ಷರದ ಕಾಲಿಗೆ ತಾಗುವ ಕಡೆ ಹಾಳೆ ಎರಡು ಸಲ ಕೊರೆಸಿಕೊಂಡು, ಅದರ ಚೂರು ಉದುರಿಹೋಗಿತ್ತು.

"ಮೆಲ್ಲಗೆ ಹೊಡೀತೀನಿ," ಎಂದೆ.

"ಮೆಲ್ಲಗೆ ಹೊಡದ್ರೆ ಮಸಿನೇ ಇಳಿಯಲ್ಲ. ಇನ್ನೊಂದೇ ಹಾಳೆ ಐತೆ, ನೋಡ್ಕಳ್ರಿ."

ಮೇಜಿಗೆ ಮರಳಿ ಡ್ರಾಯರ್ ಎಳೆದೆ. ಒಳಗೆ ಸ್ಟೆನ್ಸಿಲ್ ಮೇಲೆ ಗೆರೆ ಎಳೆಯುವ, ಸಹಿ ಕೊರೆಯುವ ಲೋಹದ ಕಡ್ಡಿಯೊಂದಿತ್ತು. ಕೊನೆಯ ಹಾಳೆಯಲ್ಲಿ ಒತ್ತಿನ ಕೀಲಿಗಳನ್ನು ಮುಟ್ಟದೆ ಅಕ್ಷರಗಳನ್ನಷ್ಟೇ ಹೊಡೆದೆ. ಓದಿದರೆ ಎಳೆಯ ಮಗುವಿನ ಮಾತಿನ ಹಾಗಿತ್ತು. ಆಮೇಲೆ ಹಾಳೆಯನ್ನು ಕಿಟಕಿಯ ಗಾಜಿಗೆ ಹಿಡಿದು, ಪ್ರತಿ ಒತ್ತನ್ನೂ ಅಕ್ಷರಕ್ಕೆ ಕೂದಲೆಳೆಯಷ್ಟು ದೂರದಲ್ಲಿ ಕಡ್ಡಿಯಿಂದ ಬರೆದೆ. ಮಧ್ಯಾಹ್ನ ಕಳೆಯಿತು. ಜವಾನರು ತಿರುಗಿಸಿದರು, ಮೊದಲ ಪ್ರತಿ ಎತ್ತಿ ನೋಡಿ ಎರಡನೆಯದು ತೆಗೆದರು, ಮೂರನೆಯದು ತೆಗೆದರು.

ಸೋಮವಾರ ಆದಿವಾಲದ ಹಿರಿಯರೊಬ್ಬರು ಪತ್ರವನ್ನು ಗಟ್ಟಿಯಾಗಿ ಓದಿದರು, ಎಲ್ಲೂ ತಡವರಿಸಲಿಲ್ಲ. ಕೊನೆಗೆ ಕಣ್ಣಿನ ಹತ್ತಿರ ತಂದು, "ಸ್ವಾಮಿ, ಮೇಲಿಂದು ಮಿಷನ್ನಿಂದು, ಕೆಳಗಿಂದು ಯಾರದೋ ಕೈಬರಹ ಐತಲ್ರಿ?" ಎಂದರು.

ಎಲ್ಲರೂ ಬಗ್ಗಿ ನೋಡಿದರು. ನನ್ನ ಕಾಗದವನ್ನು ಯಾರೋ ಒಡೆದು ಓದಿದಂತೆ ಮುಖ ಬಿಸಿಯಾಯಿತು. ಅಧಿಕಾರಿಗಳು ಪ್ರತಿಯನ್ನು ಬೆಳಕಿಗೆ ಹಿಡಿದು ನೋಡಿದರು, ನನ್ನ ಕಡೆಗೂ ನೋಡಿದರು.

"ಮುಂದಿನದು ಜೋಳದ್ದು," ಎಂದರು. "ಇವತ್ತೇ ಶುರು ಮಾಡಿ. ಆ ಕಡ್ಡಿ ನಿಮ್ಮ ಹತ್ತಿರವೇ ಇರಲಿ."