ಆರನೆಯ ಬೇವಿನ ಕಂಬ

ಇವತ್ತು ಬೆಳಿಗ್ಗೆ ಹಸಿ ಬೇವಿನ ದಿಮ್ಮಿ ಹೇರಿಕೊಂಡು ಒಂದು ಟ್ರ್ಯಾಕ್ಟರ್ ನಮ್ಮ ಓಣಿಯಲ್ಲಿ ಹಾದುಹೋಯಿತು. ಅದು ಹೋಗಿ ಎಷ್ಟೋ ಹೊತ್ತಾದರೂ ಕಹಿ ವಾಸನೆ ಬಾಗಿಲಲ್ಲೇ ನಿಂತಿತ್ತು. ಬೇವೆಂದರೆ ಬೇರೆಯವರಿಗೆ ಯುಗಾದಿ ನೆನಪಾಗಬಹುದು, ನನಗೆ ನಾಚಿಕೆಯಾಗುತ್ತದೆ. ಯಾಕೆಂದು ಹೇಳುತ್ತೇನೆ. ಅದಕ್ಕೂ ಮೊದಲು ಒಂದನ್ನು ಒಪ್ಪಿಕೊಂಡುಬಿಡುತ್ತೇನೆ: ನಾನು ಸಂಶಯದ ಹೆಂಗಸು. ಬಸ್ಸಿನಲ್ಲಿ ಯಾರಾದರೂ ತಾವಾಗಿಯೇ ಕಿಟಕಿಯ ಸೀಟು ಬಿಟ್ಟುಕೊಟ್ಟರೆ, ಆ ಸೀಟಿಗೆ ಏನಾಗಿದೆಯೋ ಎಂದು ಕೈಯಾಡಿಸಿ ನೋಡಿಯೇ ಕೂರುತ್ತೇನೆ. "ಸಾಲ್ಯಾಗ ಹುಡುಗರ ಚೀಲ ಝಡತಿ ಮಾಡಿ ಮಾಡಿ ನಿನಗ ಇದ ಚಟ ಆಗೈತಿ" ಎಂದು ಸಾಲೆಯ ಟೀಚರಾದ ನನ್ನನ್ನು ಹಂಗಿಸುತ್ತಾರೆ ನಮ್ಮ ಮನೆಯವರು. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಂಜಿನ್ನಿನ ಸದ್ದು ಕೇಳಿಯೇ ಒಳಗಿನ ರೋಗ ಹೇಳಬಲ್ಲರು, ಆದರೆ ಮನುಷ್ಯರು ಹೇಳಿದ್ದನ್ನೆಲ್ಲ ನಂಬಿಬಿಡುತ್ತಾರೆ. ಹಾಗಾಗಿ ಇಬ್ಬರ ಪಾಲಿನ ಸಂಶಯವನ್ನೂ ನಾನೊಬ್ಬಳೇ ಪಡಬೇಕಾಗಿದೆ.

ಯಲಬುರ್ಗಾದ ನಮ್ಮ ಮನೆ ಹಳೆಯ ಮಾಳಿಗೆ ಮನೆ. ಕಲ್ಲು ಮಣ್ಣಿನ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಎಲ್ಲದರ ಮೇಲೆ ಮೊಳದೆತ್ತರ ಮಣ್ಣು. ಬೇಸಿಗೆಯಲ್ಲಿ ತಂಪಾಗಿರುತ್ತದೆ, ಅದೊಂದೇ ಅದರ ಗುಣ. ಹೋದ ವರ್ಷ ನಮ್ಮ ಮಗಳನ್ನು ನೋಡಲು ಗಂಗಾವತಿಯಿಂದ ಬಂದಿದ್ದರು. ಮಂಡಕ್ಕಿ ಒಗ್ಗರಣೆ, ಮಿರ್ಚಿಯ ತಾಟು ಕೊಟ್ಟು ನಾನಿನ್ನೂ ಕೈ ಹಿಂದೆ ತೆಗೆದಿರಲಿಲ್ಲ, ಮೇಲಿನಿಂದ ಒಂದು ಹೆಂಟೆ ಮಣ್ಣು ಹುಡುಗನ ತಾಯಿಯ ತಾಟಿನೊಳಗೆ ಬಿತ್ತು. ಅವರು ಮೇಲೆ ನೋಡಿದರು, ತಾಟು ನೋಡಿದರು, ಕೊನೆಗೆ ಮಗನನ್ನು ನೋಡಿದರು. "ಇರ್ಲಿ ಬಿಡ್ರಿ, ಹಳೇ ಮನಿ ಅಂದ್ರ ಹಂಗ" ಎಂದರು. ಸಂಬಂಧವೇನೋ ಕೂಡಿತು. ಆದರೆ ಅವರು ಬಸ್ ಹತ್ತಿದ ಮೇಲೆ ನಾನು ಹಟ ಹಿಡಿದೆ: ಮದುವೆಯೊಳಗೆ ಒಂದೋ ಈ ಮನೆಯನ್ನು ಸರಿಮಾಡಿಸಬೇಕು, ಇಲ್ಲವೇ ಬೇರೆ ಕಡೆ ಹೋಗಬೇಕು.

ಕಷ್ಟ ಶುರುವಾದದ್ದು ಅಲ್ಲಿಂದ. ಪ್ಲಾಟ್ ತೋರಿಸುವವನು ಬಂದು ಗೋಡೆಗೆ ಬೆರಳೊತ್ತಿ, "ಅಕ್ಕೋರ, ಈ ಮನಿ ಮುಂದಿನ ಮಳಿಗಾಲ ನೋಡಂಗಿಲ್ರಿ" ಎಂದ. ನಮ್ಮ ಕಡೆ ಸಾಲೆಯ ಟೀಚರನ್ನು ಎಲ್ಲರೂ ಅಕ್ಕೋರ ಎಂದೇ ಕರೆಯುತ್ತಾರೆ. ಗೌಂಡಿ ಬಂದು ಅದೇ ಗೋಡೆಗೆ ಗುದ್ದಿ, "ನೂರು ವರ್ಷ ಏನೂ ಆಗಂಗಿಲ್ರಿ, ನಾ ರಿಪೇರಿ ಮಾಡಿ ಕೊಡ್ತೀನಿ" ಎಂದ. ಕೊಪ್ಪಳದಿಂದ ಬಂದ ಇಂಜಿನಿಯರ್ ಗೋಡೆಯನ್ನು ಮುಟ್ಟಲೂ ಇಲ್ಲ, ಎಲ್ಲ ಕೆಡವಿ ಪಿಲ್ಲರ್ ಎಬ್ಬಿಸಬೇಕೆಂದ. ನೀವೇ ಹೇಳಿ, ನಂಬುವುದು ಯಾರನ್ನು? ಒಬ್ಬೊಬ್ಬನಿಗೂ ಅವನವನ ಕಸುಬಿಗೆ ಬೇಕಾದ ರೋಗವೇ ನಮ್ಮ ಮನೆಯಲ್ಲಿ ಕಾಣುತ್ತಿತ್ತು.

ಪ್ಲಾಟನ್ನೂ ನೋಡಿ ಬಂದೆವು. ಕುಷ್ಟಗಿ ರಸ್ತೆಯ ಬದಿಗೆ ಎರೆ ಹೊಲದಲ್ಲಿ ಬಿಳಿ ಕಲ್ಲು ನೆಟ್ಟಿದ್ದರು. ಬಿಸಿಲಿಗೆ ನೆಲ ಬಾಯಿ ಬಿಟ್ಟಿತ್ತು. ಆತ "ಇಲ್ಲಿ ಪಾರ್ಕ್ ಬರತೈತ್ರಿ" ಎಂದು ದೂರ ಕೈ ತೋರಿಸುತ್ತಿದ್ದಾಗ ನಾನು ಕಾಲಬುಡದ ಬಿರುಕಿನಲ್ಲಿ ನನ್ನ ಛತ್ರಿ ಇಳಿಬಿಟ್ಟೆ. ಹಿಡಿಕೆಯವರೆಗೂ ಹೋಯಿತು. ಮನುಷ್ಯ ಮಾತಾಡುತ್ತಲೇ ಇದ್ದ. ಛತ್ರಿ ಎಳೆದು ಮಣ್ಣು ಝಾಡಿಸಿಕೊಂಡು, "ನಡೀರಿ ಮನೀಗೆ" ಎಂದೆ. ಹೀಗೆ ಬೇರೆ ಕಡೆ ಹೋಗುವ ವಿಚಾರ ಮುಗಿಯಿತು. ಇದ್ದ ಮನೆಯನ್ನೇ ತಿದ್ದುವುದೆಂದಾಯಿತು.

ಈಗ ಗೋಡೆಯ ಮಾತಿಗೆ ಬರುತ್ತೇನೆ. ನಮ್ಮ ಪಡಸಾಲೆಯ ಮೂಡಣ ಗೋಡೆ ನಮ್ಮೊಬ್ಬರದಲ್ಲ. ಅದರಾಚೆ ಗಾದಿ ಮಾಡುವ ಹುಸೇನಸಾಬ್ ಚಾಚಾ ಮತ್ತು ಮಾಬೂಬಿ ಚಾಚಿಯ ಮನೆ. ಎರಡೂ ಮನೆಗೆ ಸೇರಿ ಒಂದೇ ಗೋಡೆ. ಈ ಕಡೆಯಿಂದ ನಮ್ಮ ತೊಲೆಗಳು, ಆ ಕಡೆಯಿಂದ ಅವರ ತೊಲೆಗಳು ಅದರ ಮೇಲೆ ತಲೆಯಿಟ್ಟು ಮಲಗಿವೆ. ಮನೆಯ ದಾಖಲೆಯಾದ ಉತಾರದಲ್ಲೂ 'ಸಾಮಾಯಿಕ ಗೋಡೆ' ಎಂದೇ ಬರೆದಿದೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಚಾಚಾ ಹತ್ತಿ ಹಿಂಜುವ ಬಿಲ್ಲಿನ ಟಂಯ್ ಟಂಯ್ ಸದ್ದು ಆ ಗೋಡೆಯನ್ನು ದಾಟಿ ಬಂದು ನನ್ನ ಮಧ್ಯಾಹ್ನದ ನಿದ್ದೆ ಕೆಡಿಸುತ್ತಿತ್ತು. ನಮ್ಮ ಬಾಗಿಲ ಮುಂದಿನ ನಳಕ್ಕೆ ನೀರು ಬಂದರೆ ನಮ್ಮ ಅತ್ತೆ ಲಟ್ಟಣಿಗೆಯಿಂದ ಮೂರು ಸಲ ಗೋಡೆ ಬಡಿಯುತ್ತಿದ್ದರು. ಆಚೆಯಿಂದ ಚಾಚಿ ಒಮ್ಮೆ ಬಡಿದರೆ ತಿಳಿಯಿತೆಂದು ಅರ್ಥ. ಒಮ್ಮೆ ಅತ್ತೆ ಹೋಳಿಗೆ ಲಟ್ಟಿಸುತ್ತ ಯಾವುದೋ ಸಿಟ್ಟಿಗೆ ಗೋಡೆಗೆ ಪಟಪಟ ಬಡಿದಾಗ ಚಾಚಿ ಎರಡು ಕೊಡ ಹಿಡಿದುಕೊಂಡು ಓಡಿ ಬಂದಿದ್ದರು. ಆ ಸಿಟ್ಟು ನನ್ನ ಮೇಲಿತ್ತು, ಅದಿರಲಿ. ಅತ್ತೆ ತೀರಿಕೊಂಡ ಮೇಲೆ ನೀರಿನ ಸುದ್ದಿ ಫೋನಿಗೆ ಬರತೊಡಗಿ, ಗೋಡೆ ಬಡಿಯುವುದು ನಿಂತುಹೋಯಿತು.

ಇಂಜಿನಿಯರ್ ಪಡಸಾಲೆಯಲ್ಲಿ ನಕಾಶೆ ಹರಡಿ, "ಈ ಗ್ವಾಡಿ ತಗದ್ರ ಒಂದೂವರಿ ಫೂಟ್ ಜಾಗಾ ಸಿಗತೈತ್ರಿ, ಮ್ಯಾಡಮ್" ಎಂದ. "ಚಾಚಾನ್ನ ಒಂದ್ ಮಾತ ಕೇಳೂಣು" ಎಂದರು ಮನೆಯವರು. ನಾನು ಕಣ್ಣಲ್ಲೇ ಅವರನ್ನು ಸುಮ್ಮನಿರಿಸಿದೆ. ಕೇಳಿದ ಮೇಲೆ ಒಲ್ಲೆ ಎಂದರೆ? ತಕರಾರು ಅರ್ಜಿ ಕೊಟ್ಟರೆ? ಮೊದಲು ನಮ್ಮ ಕಾಗದಪತ್ರ ಗಟ್ಟಿಯಾಗಲಿ, ಆಮೇಲೆ ಹೇಳಿದರಾಯಿತು ಎಂದೆ. ಗೋಡೆ ಹೋದರೆ ಅವರ ಮಾಳಿಗೆ ಕೆಳಗೆ ಬರುತ್ತದೆ ಎನ್ನುವುದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಕೇಳಲು ಹೆದರಿದ್ದೂ ಅದಕ್ಕೇ.

ತಿಂಗಳು ಕಳೆದಿರಲಿಲ್ಲ, ಗೋಡೆಯ ಆಚೆಯಿಂದ ಟಕ್ ಟಕ್ ಶುರುವಾಯಿತು. ನೀರು ಬಂತೇನೋ ಎಂದು ಎದ್ದೆ. ಸದ್ದು ನಿಲ್ಲಲಿಲ್ಲ. ಜೊತೆಗೆ ಹಸಿ ಬೇವು ಕೊಯ್ದ ವಾಸನೆ. ಅಷ್ಟು ಸಾಕಾಯಿತು ನನಗೆ. ನಮಗಿಂತ ಮೊದಲು ಇವರೇ ಗೋಡೆ ಒಡೆಯುತ್ತಿದ್ದಾರೆ! ಸ್ಟೀಲ್ ಲೋಟವನ್ನು ಗೋಡೆಗೆ ಹಚ್ಚಿ ಕಿವಿಯಿಟ್ಟೆ. ಐವತ್ತು ದಾಟಿದ, ಮಕ್ಕಳಿಗೆ ಕದ್ದು ಕೇಳಬಾರದೆಂದು ಪಾಠ ಹೇಳುವ ಸರ್ಕಾರಿ ಶಿಕ್ಷಕಿಯ ಆ ಭಂಗಿಯನ್ನು ನೀವು ನೋಡದಿದ್ದದ್ದೇ ಒಳ್ಳೆಯದಾಯಿತು. ಲೋಟದೊಳಗೆ ಟಕ್ ಟಕ್ ಇನ್ನೂ ದೊಡ್ಡದಾಗಿ ಕೇಳಿತು, ಅಷ್ಟೇ. ಮರುದಿನ ಓಣಿಯಲ್ಲಿ ಚಾಚಾ ಎದುರಾದರು. "ಯಾವಾಗ ಸುರು ಮಾಡ್ತೀರಿ ಅಕ್ಕೋರ?" ಎಂದರು. "ಇನ್ನೂ ಏನೂ ನಕ್ಕಿ ಇಲ್ರಿ ಚಾಚಾ" ಎಂದೆ. ಇವರಿಗೆ ಹೇಳಿದವರು ಯಾರು? ಮನೆಗೆ ಬಂದು ಗಂಡನ ಮೇಲೆ ಹರಿಹಾಯ್ದೆ. ಅವರು ಪಾಪ, ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಮುಟ್ಟಿ, ತಾವು ಹೇಳಿಲ್ಲವೆಂದು ಆಣೆ ಮಾಡಿದರು.

ಕಣ್ಣಾರೆ ನೋಡದೆ ಸಮಾಧಾನವಿಲ್ಲ. ಆದರೆ ಏನು ನೆಪ ಹೇಳಿ ಹೋಗುವುದು? ಒಂದು ಗಾದಿ ಸುತ್ತಿ ತಲೆಯ ಮೇಲಿಟ್ಟುಕೊಂಡು, ಹತ್ತಿ ಹಿಂಜಿಸಬೇಕೆಂದು ಹೊರಟೆ.

"ಬರ್ರಿ ಅಕ್ಕೋರ, ತಲಿ ನೋಡಕೊಂಡ್ ಬರ್ರಿ, ಕಂಬ ಅದಾವು" ಎಂದರು ಚಾಚಿ.

ಅವರ ಪಡಸಾಲೆಯಲ್ಲಿ ಆರು ಬೇವಿನ ಕಂಬಗಳಿದ್ದವು. ಗೋಡೆಯಿಂದ ಮೊಳ ದೂರದಲ್ಲಿ ಸಾಲಾಗಿ, ಒಂದೊಂದು ತೊಲೆಯ ಕೆಳಗೆ ಒಂದೊಂದು. ಕಂಬಕ್ಕೂ ತೊಲೆಗೂ ನಡುವೆ ಬೆಣೆ ಬಡಿದು ಬಿಗಿಮಾಡಿದ್ದರು. ಇಕ್ಕಟ್ಟಾದ ಜಾಗದಲ್ಲಿ ಚಾಚಿಯ ಮಂಚ ಅಡ್ಡಡ್ಡ ಸರಿದಿತ್ತು. ಗೋಡೆಯಿಂದ ಒಂದು ಹಿಡಿ ಮಣ್ಣೂ ಉದುರಿರಲಿಲ್ಲ.

"ಇವು ಯಾಕ ಚಾಚಾ?" ಎಂದೆ.

"ನಿಮ್ಮ ಇಂಜಿನೇರ ಗ್ವಾಡಿ ತಗೀಬೇಕು ಅಂದಿದ್ದು ನಮಗೂ ಕೇಳಿಸ್ತ್ರಿ. ಮದವಿ ಮನಿ, ನಮ್ಮಿಂದ ನಿಮ್ಮ ಕೆಲಸಕ್ಕ ಅಡ್ಡಿ ಆಗಬಾರ್ದಂತ ತೊಲಿಗೆ ಆಸರ ಕೊಟ್ಟೀವಿ. ಇನ್ನ ನೀವು ಆರಾಮ ತಗೀರಿ."

ಚಾಚಿ ಸೆರಗಿನ ತುದಿ ಸುತ್ತುತ್ತ ನೆಲ ನೋಡುತ್ತಿದ್ದರು. "ಬಂದು ಒಂದ್ ಮಾತ ಕೇಳ್ತೀರಿ ಅಂತ ಭಾಳ ದಿನ ದಾರಿ ನೋಡಿದ್ವಿ ಅಕ್ಕೋರ. ಕೇಳಲಿಲ್ಲ. ಕೇಳದನ ತಗೀತಾರ ಅಂತ ತಿಳಕೊಂಡ್ವಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಗಾದಿ ಮುಂದೆ ಮಾಡಿದೆ. ಚಾಚಾ ಅದನ್ನು ಹಸ್ತದಿಂದ ಒತ್ತಿ ನೋಡಿದರು. "ಇದು ಹ್ವಾದ ದೀಪಾವಳಿಗೆ ನಾನ ಹಿಂಜಿ ಕೊಟ್ಟಿದ್ದಲ್ರಿ? ಇನ್ನೂ ಛಲೋ ಮೆತ್ತಗೈತಿ" ಎಂದು ನನ್ನ ಮುಖ ನೋಡದೆಯೇ ಸುತ್ತಿ ಕೊಟ್ಟರು. ಅದನ್ನು ಹೊತ್ತುಕೊಂಡು ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಕುತ್ತಿಗೆ ಸೋತುಹೋಯಿತು.

ಅಂದೇ ಇಂಜಿನಿಯರನಿಗೆ ಫೋನು ಮಾಡಿ, ಆ ಗೋಡೆಗೆ ಕೈ ಹಚ್ಚುವಂತಿಲ್ಲ ಎಂದೆ. ಅವನು ಗೊಣಗಿಕೊಂಡು ನಮ್ಮ ಒಳಮಗ್ಗುಲಿಗೇ ಪಿಲ್ಲರ್ ನಿಲ್ಲಿಸಿ ಸ್ಲ್ಯಾಬ್ ಹಾಕಿಸಿದ. ಜಾಗ ಸಿಗುವುದಿರಲಿ, ಇದ್ದ ಪಡಸಾಲೆಯೂ ಸಣ್ಣದಾಯಿತು. ಹೊಸ ಕಪಾಟು ಅಲ್ಲಿ ಕೂಡದೆ ಅಡುಗೆಮನೆ ಸೇರಿದೆ. ಬೀಗರ ತಾಟಿನಲ್ಲಿ ಈಗ ಮಣ್ಣು ಬೀಳುವುದಿಲ್ಲ. ಗೋಡೆ ಉಳಿಯುತ್ತದೆಂದು ಹೇಳಲು ಈ ಸಲ ನಾನೇ ಬರಿಗೈಯಲ್ಲಿ ಹೋಗಿದ್ದೆ. ತಪ್ಪಾಯಿತೆಂದೂ ಹೇಳಿದೆ. "ಹಂಗಾದ್ರ ಕಂಬ ತಗಸ್ತೀನ್ರಿ" ಎಂದರು ಚಾಚಾ. ಚಾಚಿ ಚಹಾ ಕೊಟ್ಟರು. ಮರುದಿನ ಬಡಿಗೇರ ಬಂದು ಕಂಬ ಇಳಿಸಿದ. ಐದು.

ಆರನೆಯದು ಇನ್ನೂ ಅಲ್ಲೇ ಇದೆ. ಕೆಲಸ ಮುಗಿಯಿತು, ಮದುವೆಯೂ ಮುಗಿಯಿತು. ಚಾಚಿ ಅದಕ್ಕೊಂದು ಮೊಳೆ ಹೊಡೆದು, ಮದುವೆಯಲ್ಲಿ ನಾವು ಕೊಟ್ಟ ಕೈಚೀಲ ನೇತುಹಾಕಿದ್ದಾರೆ. ಆ ತೊಲೆಗೆ ಆಸರೆ ಬೇಕಾಗಿಯೇ ಇಲ್ಲ ಎನ್ನುತ್ತಾನೆ ಗೌಂಡಿ. ಈ ಒಂದು ವಿಷಯದಲ್ಲಿ ನಾನು ಅವನನ್ನು ನಂಬುತ್ತೇನೆ.

ಟ್ರ್ಯಾಕ್ಟರ್ ಹೋದ ಮೇಲೆ ಇವತ್ತು ನಳಕ್ಕೆ ನೀರು ಬಂತು. ಫೋನು ಬಿಟ್ಟು, ಲಟ್ಟಣಿಗೆ ಹುಡುಕಿ ತಂದು ಮೂರು ಸಲ ಗೋಡೆ ಬಡಿದೆ. ಸ್ವಲ್ಪ ತಡವಾಗಿ ಆಚೆಯಿಂದ ಒಂದು ಬಡಿತ ಬಂತು. ಆಮೇಲೆ ಚಾಚಿ ಕೊಡ ಹಿಡಿದು ಬಂದರು, ನಕ್ಕರು, ಅಳಿಯನ ಸುದ್ದಿ ಕೇಳಿದರು. ಆ ಕಂಬ ಯಾಕೆ ಬಿಟ್ಟಿರಿ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಉತ್ತರ ನನಗೆ ಗೊತ್ತಿದೆ: ಸಂಶಯ ಈಗ ಗೋಡೆಯ ಆಚೆಗೂ ಇದೆ. ಗೊತ್ತಿಲ್ಲದಿದ್ದರೂ, ಕೇಳಬೇಕಾದಾಗ ಕೇಳದವಳು ಈಗ ಯಾವ ಮುಖ ಇಟ್ಟುಕೊಂಡು ಕೇಳಲಿ?