ಅಕ್ಕ ತೊಳೆಯದೆ ಬಿಟ್ಟ ಫ್ಲಾಸ್ಕ್

ನಮ್ಮ ಅಕ್ಕನಿಗೆ ರಸಾಯನಶಾಸ್ತ್ರ ಬರುವುದಿಲ್ಲ ಎಂದು ಆಸ್ಪತ್ರೆಯವರು ಕಂಡುಹಿಡಿಯಲು ಇಪ್ಪತ್ತೆರಡು ವರ್ಷ ಬೇಕಾಯಿತು. ಅಷ್ಟು ವರ್ಷವೂ ಅವಳು ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕ್ಷಾರ, ಆಮ್ಲ, ಬ್ಲೀಚುಗಳ ನಡುವೆಯೇ ಕೆಲಸ ಮಾಡಿಕೊಂಡಿದ್ದಳು. ಪಾಪ, ತನಗೆ ಅದು ಬರುವುದಿಲ್ಲ ಎಂಬುದು ಅವಳಿಗೂ ಗೊತ್ತಿರಲಿಲ್ಲ.

ವಿಷಯ ಬೆಳಕಿಗೆ ಬಂದದ್ದು ಹೊಸ ಆಡಳಿತಾಧಿಕಾರಿಯಿಂದ. ಸೆಕೆಯಲ್ಲೂ ಕೋಟು ಬಿಚ್ಚದ ಅವರನ್ನು ಇಡೀ ಆಸ್ಪತ್ರೆ ‘ಕೋಟು’ ಎಂದೇ ಕರೆಯುತ್ತಿತ್ತು. ವಿಭಾಗದ ಮೇಲ್ವಿಚಾರಕರು ರಸಾಯನಶಾಸ್ತ್ರದ ಪ್ರಮಾಣಪತ್ರ ಹೊಂದಿರತಕ್ಕದ್ದು ಎಂಬ ಆದೇಶ ಹೊರಡಿಸಿ, ಅಕ್ಕನನ್ನು ಕೋಣೆಗೆ ಕರೆಸಿಕೊಂಡರು. ಅಕ್ಕ ಆರು ವರ್ಷಗಳಿಂದ ಅಲ್ಲಿ ಹಂಗಾಮಿ ಮೇಲ್ವಿಚಾರಕಿ. ಆರು ವರ್ಷ ಒಂದೇ ಕುರ್ಚಿಯಲ್ಲಿ ಕೂತವರನ್ನು ಹಂಗಾಮಿ ಎನ್ನಲು ಧೈರ್ಯ ಬೇಕು. ಅದು ಆ ಕಚೇರಿಯಲ್ಲಿ ಯಥೇಚ್ಛವಾಗಿತ್ತು.

“ನಿಮ್ಮ ಅನುಭವದ ಬಗ್ಗೆ ನಮಗೆ ತುಂಬಾ ಗೌರವ ಇದೆ” ಎಂದರಂತೆ ಕೋಟು. ಯಾರಾದರೂ ಹೀಗೆ ಶುರು ಮಾಡಿದರೆ ಮುಂದಿನ ಮಾತು ಕೇಳುವ ಅಗತ್ಯವೇ ಇರುವುದಿಲ್ಲ. ಆದರೂ ಅಕ್ಕ ಕೇಳಿಸಿಕೊಂಡಳು. ದುಡಿಯುವವರಿಗಾಗಿ ಸಂಜೆ ಕಾಲೇಜಿನಲ್ಲಿ ಒಂದು ವರ್ಷದ ಪರಿಚಯ ಕೋರ್ಸ್ ಇದೆ. ಪರೀಕ್ಷೆಗೆ ಎರಡು ಅವಕಾಶ. ಅಷ್ಟರಲ್ಲಿ ಪಾಸಾದರೆ ಹುದ್ದೆ ಕಾಯಂ. ಇಲ್ಲವಾದರೆ ಹೊರಗಿನಿಂದ ಒಬ್ಬರನ್ನು ತರುತ್ತಾರೆ, ಅಕ್ಕ ಮತ್ತೆ ಇಸ್ತ್ರಿ ರೋಲರಿನ ಮುಂದೆ ನಿಂತು ಬಿಸಿ ಹಾಸಿಗೆ ಬಟ್ಟೆ ಎಳೆಯಬೇಕು. ಆ ರೋಲರ್ ಈಗಾಗಲೇ ಅವಳ ಎರಡು ಮಣಿಕಟ್ಟುಗಳನ್ನೂ ಒಮ್ಮೆ ಕೆಡಿಸಿಹಾಕಿತ್ತು. ಅವಳಿಗೆ ವಯಸ್ಸು ನಲವತ್ತನಾಲ್ಕು.

ಮನೆಗೆ ಬಂದು ಅಕ್ಕ ನನಗೆ ಹೇಳಿಕಳಿಸಿದಳು. ಯಾಕೆಂದರೆ ನಾನು ಬಿ.ಎಸ್‌ಸಿ. ಪದವೀಧರ. ಇದನ್ನು ನಾನಾಗಿ ಯಾರಿಗೂ ಹೇಳುವುದಿಲ್ಲ, ಆದರೆ ನನ್ನ ಜತೆ ಐದು ನಿಮಿಷ ಮಾತಾಡಿದವರಿಗೆ ಹೇಗೋ ಗೊತ್ತಾಗಿಬಿಡುತ್ತದೆ. ಆ ಪದವಿಯ ಬಲದಿಂದ ನಾನು ಒಂದು ವಿಮಾ ಕಚೇರಿಯ ಟಪಾಲು ವಿಭಾಗದಲ್ಲಿ ಲಕೋಟೆಗಳಿಗೆ ಮೊಹರು ಒತ್ತುತ್ತೇನೆ.

ಟ್ರಂಕಿನ ತಳದಿಂದ ನನ್ನ ಹಳೆಯ ಪಠ್ಯಪುಸ್ತಕ ತೆಗೆದುಕೊಂಡು ಹೋದೆ. ಹಸಿರು ರಟ್ಟಿನ, ದಿಂಬಿನಷ್ಟು ದಪ್ಪದ ಪುಸ್ತಕ. ಅದನ್ನು ಕೊಡಿಸಿದ್ದು ಅಕ್ಕನೇ. ಹತ್ತನೇ ತರಗತಿ ಮುಗಿಸಿ ಅವಳೂ ಸೈನ್ಸ್ ತಗೋತೀನಿ ಎಂದಿದ್ದಳು. ಮನೆಯಲ್ಲಿ ಒಬ್ಬರಿಗೆ ಮಾತ್ರ ಅಂತಾಯಿತು, ಆ ಒಬ್ಬ ನಾನಾದೆ, ಅವಳು ಕೂಲಿಗೆ ಬಟ್ಟೆ ಒಗೆಯಲು ಹೊರಟಳು. ಈ ವಿಷಯ ನಾವು ಯಾರೂ ಮಾತಾಡುವುದಿಲ್ಲ.

“ಜೋಪಾನ ಅಕ್ಕ. ನಾನು ಇದರಲ್ಲೇ ಓದಿದ್ದು” ಎಂದೆ, ಗಂಟಲು ಸರಿಮಾಡಿಕೊಂಡು.

ಅಕ್ಕ ಪುಸ್ತಕವನ್ನು ಕೈಗೆ ತೆಗೆದುಕೊಂಡು, ಹಾಳೆಗಳ ಅಂಚಿನ ಮೇಲೆ ಮೇಲಿನಿಂದ ಕೆಳಗೆ ಹೆಬ್ಬೆರಳು ಆಡಿಸಿದಳು. ನನ್ನ ಮುಖ ನೋಡಿದಳು. “ಚೆನ್ನಾಗಿ ಇಟ್ಕೊಂಡಿದ್ದೀಯ ಕಣೋ” ಎಂದಳು. ನಾನು ಉಬ್ಬಿಹೋದೆ.

ಬೆಳಿಗ್ಗೆ ಆರಕ್ಕೆ ಕೆಲಸ, ಮಧ್ಯಾಹ್ನ ಮನೆ, ಸಂಜೆ ಕಾಲೇಜು. ಇದರ ನಡುವೆ ಓದುವುದೆಲ್ಲಿ? ಒಣಗಿಸುವ ಯಂತ್ರ ಒಂದು ಸಲ ತಿರುಗಿ ನಿಲ್ಲಲು ನಲವತ್ತು ನಿಮಿಷ ಬೇಕು. ಅಕ್ಕ ಅದರ ಪಕ್ಕದ ಸ್ಟೂಲಿನ ಮೇಲೆ ಕೂತು, ಒಂದು ಡ್ರೈಯರಿಗೆ ಅರ್ಧ ಪಾಠ ಎಂದು ಲೆಕ್ಕ ಹಾಕಿಕೊಂಡಳು. ಧಾತುಗಳ ಪಟ್ಟಿಯನ್ನು ದಿಂಬಿನ ಕವರುಗಳ ಬೀರುವಿಗೆ ಅಂಟಿಸಿದಳು. ವಾರದೊಳಗೆ ಕೆಳಗಿನ ಎರಡು ಸಾಲು ಹಬೆಗೆ ಕಿತ್ತುಹೋದವು. “ಬಿಡು, ಅವು ಯಾರಿಗೂ ಬೇಡದವು” ಎಂದು ನಾನು ಅಧಿಕಾರವಾಣಿಯಿಂದ ಸಮಾಧಾನ ಹೇಳಿದೆ.

ಭಾನುವಾರಗಳಂದು ನನ್ನ ಪಾಠ. ಶ್ರೋತೃವರ್ಗದಲ್ಲಿ ಭಾವನೂ ಇರುತ್ತಿದ್ದರು. ಅವರು ಬಸ್ಸಿನ ಡ್ರೈವರ್. ಭಾನುವಾರ ಮಲಗಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಲ್ಲವೆಂದು ಅಲ್ಲೇ ಕೂರುತ್ತಿದ್ದರು.

“ಒಂದು ಮೋಲ್ ಅಂದ್ರೆ ಆರು ಬಿಂದು ಸೊನ್ನೆ ಎರಡು ಎರಡು, ಗುಣಿಸು ಹತ್ತರ ಘಾತ ಇಪ್ಪತ್ಮೂರು” ಎಂದೆ.

“ಏನು ಅಷ್ಟು?”

“ಏನಾದ್ರೂ. ಕಣಗಳು.”

“ಯಾಕೆ ಅಷ್ಟೇ?”

“ಅಕ್ಕಾ, ಪರೀಕ್ಷೇಲಿ ಯಾಕೆ ಅಂತ ಕೇಳಲ್ಲ.”

ಇದೇ ನನ್ನ ಬೋಧನಾ ಕ್ರಮ. ಯಾಕೆ ಎಂದು ಕೇಳಿದಾಗಲೆಲ್ಲ ನಾನು ಎದ್ದು ನೀರು ಕುಡಿಯುತ್ತಿದ್ದೆ. ಆ ವರ್ಷ ನನ್ನಷ್ಟು ನೀರು ಕುಡಿದವರು ಇರಲಾರರು. ಮೂರು ವಾರ ಮೋಲ್ ಅವಳ ತಲೆಗೆ ಹೋಗಲಿಲ್ಲ. ನಾಲ್ಕನೇ ವಾರ ಅವಳೇ ಹೇಳಿದಳು: “ಒಂದು ಡಜನ್ ಹಾಸಿಗೆ ಬಟ್ಟೆ, ಒಂದು ಡಜನ್ ದಿಂಬಿನ ಕವರು. ಎಣಿಕೆ ಒಂದೇ, ತೂಕ ಬೇರೆ. ನಾನು ತಕ್ಕಡಿ ನೋಡಿ ಎಷ್ಟು ಡಜನ್ ಅಂತ ಹೇಳಲ್ವಾ? ಇದೂ ಅದೇ ಅಲ್ವೇನೋ?”

ನನಗೆ ಆ ಕ್ಷಣದಲ್ಲಿ ಮೊದಲ ಬಾರಿಗೆ ಮೋಲ್ ಅರ್ಥವಾಯಿತು. “ಹೂಂ, ಹೆಚ್ಚು ಕಡಿಮೆ ಹಾಗೇ” ಎಂದು ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡೆ.

ಪ್ರಯೋಗಾಲಯದಲ್ಲಿ ಮಾತ್ರ ಅವಳು ರಾಣಿ. ಫ್ಲಾಸ್ಕಿನಲ್ಲಿ ಆಮ್ಲ, ಅದಕ್ಕೆ ಎರಡು ಹನಿ ಸೂಚಕ. ಮೇಲೆ ಬ್ಯೂರೆಟ್ ಎಂಬ ಉದ್ದನೆಯ ಗಾಜಿನ ಕೊಳವೆಯಲ್ಲಿ ಕ್ಷಾರ. ನಲ್ಲಿ ತಿರುಗಿಸಿ ಹನಿ ಹನಿಯಾಗಿ ಬಿಡಬೇಕು. ಆಮ್ಲ ಸರಿಯಾಗಿ ಮುಗಿದ ಹನಿಗೆ, ಬಣ್ಣವಿಲ್ಲದ ನೀರು ತೆಳು ಗುಲಾಬಿಯಾಗುತ್ತದೆ. ಅಲ್ಲಿ ನಿಲ್ಲಿಸಿ ಅಳತೆ ಬರೆದುಕೊಳ್ಳಬೇಕು. ಜತೆಯ ವಿದ್ಯಾರ್ಥಿಗಳು ಗಡಿಬಿಡಿಯಲ್ಲಿ ಕಡುಗೆಂಪು ಮಾಡಿಕೊಂಡು ಪರದಾಡುತ್ತಿದ್ದರೆ ಅಕ್ಕ ಪ್ರತಿ ಸಲ ಸರಿಯಾಗಿ ಆ ಹನಿಗೇ ನಿಲ್ಲಿಸುತ್ತಿದ್ದಳು. ಅಳತೆ ಬರೆದ ಮರುಗಳಿಗೆ ಫ್ಲಾಸ್ಕನ್ನು ಸಿಂಕಿಗೆ ಬಗ್ಗಿಸಿ ಮೂರು ಸಲ ತೊಳೆದು ಬೋರಲು ಹಾಕುತ್ತಿದ್ದಳು. “ನೋಡಿ, ಸ್ವಚ್ಛತೆ ಅಂದ್ರೆ ಇದು” ಎಂದು ಉಪನ್ಯಾಸಕರು ಇಡೀ ತರಗತಿಗೆ ತೋರಿಸುತ್ತಿದ್ದರಂತೆ.

ಆ ಮೆಚ್ಚುಗೆಯೇ ಮುಳುವಾಯಿತು. ಮೊದಲ ಪರೀಕ್ಷೆಯಲ್ಲಿ ಬರವಣಿಗೆ ದಾಟಿತು. ಪ್ರಯೋಗದಂದು ಹೊರಗಿನಿಂದ ಬಂದ ಪರೀಕ್ಷಕಿ ಮೇಜಿನಿಂದ ಮೇಜಿಗೆ ಬಂದು, ಫ್ಲಾಸ್ಕಿನ ಬಣ್ಣವನ್ನು ಕಣ್ಣಾರೆ ನೋಡಿ ಸಹಿ ಹಾಕಬೇಕು ಎಂಬುದು ನಿಯಮ. ಅವರು ಅಕ್ಕನ ಮೇಜಿಗೆ ಬರುವಷ್ಟರಲ್ಲಿ ಫ್ಲಾಸ್ಕ್ ಫಳಫಳ ಹೊಳೆಯುತ್ತ ಬೋರಲು ಬಿದ್ದಿತ್ತು.

“ಎಲ್ಲಿ ನಿಮ್ಮ ಬಣ್ಣ?”

“ತೊಳೆದುಬಿಟ್ಟೆ ಮೇಡಂ.”

ಇನ್ನೊಂದು ಸಲ ಮಾಡಿ ಎಂದರಂತೆ. ಮಾಡಿದಳು. ಗುಲಾಬಿ ಬಂತು. ಪರೀಕ್ಷಕಿ ಎರಡು ಹೆಜ್ಜೆ ದೂರದಲ್ಲಿದ್ದಾಗ ಅದನ್ನೂ ಚೆಲ್ಲಿದಳು. ಸಮಯ ಮುಗಿಯಿತು, ಪ್ರಯೋಗಕ್ಕೆ ಸೊನ್ನೆ ಬಿತ್ತು.

ನಾನು ಕೂಗಾಡಿದೆ. “ಯಾರಾದ್ರೂ ಉತ್ತರ ಬರೆದು ಉತ್ತರಪತ್ರಿಕೆ ಒಗೀತಾರೇನೇ?”

“ನಾನೇನು ಬೇಕು ಅಂತ ಮಾಡಿದ್ನಾ? ಬಿಳೀದರಲ್ಲಿ ಗುಲಾಬಿ ಕಂಡ್ರೆ ಕೈ ನಿಲ್ಲಲ್ಲ ಕಣೋ” ಎಂದಳು. ಆಗ ಹೊಳೆಯಿತು. ಇಡೀ ಆಸ್ಪತ್ರೆಯ ಬಿಳಿ ಬಟ್ಟೆಯಲ್ಲಿ ಒಂದು ಕೆಂಪು ಕಾಲುಚೀಲ ಸೇರಿಕೊಂಡರೆ ಏನಾಗುತ್ತದೋ ಅದರ ಬಣ್ಣವೇ ಅದು. ಇಪ್ಪತ್ತೆರಡು ವರ್ಷ ಆ ಬಣ್ಣ ಕಂಡಕೂಡಲೇ ನೀರು ಚೆಲ್ಲಿ, ಬೇರೆ ನೀರು ಬಿಟ್ಟ ಕೈ ಅದು. ಈಗ ರಸಾಯನಶಾಸ್ತ್ರ ಬಂದು, ಅದೇ ಬಣ್ಣವನ್ನು ಮುಂದಿಟ್ಟುಕೊಂಡು ಸಾಧನೆ ಎಂದು ಮೆರೆಯಬೇಕು ಎನ್ನುತ್ತಿದೆ.

ಉಳಿದದ್ದು ಒಂದೇ ಅವಕಾಶ. ಅಷ್ಟರಲ್ಲಿ ಕೋಟು ಹೊಸಬರ ಅರ್ಜಿ ಕರೆದಾಗಿತ್ತು. ಒಂದಿಬ್ಬರು ಬಂದು ಅಕ್ಕನ ಕುರ್ಚಿಯನ್ನು ಅಳತೆ ತೆಗೆಯುವವರ ಹಾಗೆ ನೋಡಿಕೊಂಡೂ ಹೋಗಿದ್ದರು. ಅಕ್ಕ ಊಟ ಕಡಿಮೆ ಮಾಡಿದಳು. ಮಾತೂ ಕಡಿಮೆಯಾಯಿತು. ನನಗೆ ನಿಜವಾಗಿಯೂ ಭಯವಾಯಿತು.

ಭಯವಾದಾಗ ನಾನು ಇನ್ನಷ್ಟು ಪಾಠ ಹೇಳುತ್ತೇನೆ. ಅಡುಗೆಮನೆಯಲ್ಲಿ ತಾಲೀಮು ಶುರುವಾಯಿತು. ಗಾಜಿನ ಲೋಟದಲ್ಲಿ ನೀರಿಟ್ಟು ನಾನು ಕೆಂಪು ಶಾಯಿಯ ಒಂದು ಹನಿ ಬಿಡುವುದು. ಅಕ್ಕ ಸುಮ್ಮನೆ ನಿಲ್ಲುವುದು. ಭಾವ ಅಂಪೈರು. “ಹೋಯ್ತು” ಎನ್ನುತ್ತಿದ್ದರು ಅವರು, ಲೋಟ ಆಗಲೇ ನಲ್ಲಿಯ ಕೆಳಗಿರುತ್ತಿತ್ತು. ಕೈ ಹಿಂದೆ ಕಟ್ಟಿಕೋ ಎಂದೆ. ಕಟ್ಟಿಕೊಂಡಳು, ಬಿಚ್ಚಿಕೊಂಡು ಚೆಲ್ಲಿದಳು. ಹತ್ತರಲ್ಲಿ ಏಳು ಸಲ ಹೀಗಾಯಿತು. ಭಾವ ಕೊನೆಗೆ, “ಬ್ರೇಕ್ ಮೇಲೆ ಕಾಲಿಡಬೇಡ ಅಂತ ನನಗೆ ಯಾರಾದ್ರೂ ಹೇಳಿದ್ರೆ ಆಗುತ್ತೇನಯ್ಯಾ? ಬಿಡು ಅವಳನ್ನ” ಎಂದರು. ಇಡೀ ವರ್ಷದಲ್ಲಿ ನಮ್ಮ ತರಗತಿಯಲ್ಲಿ ಹೊರಟ ಒಂದೇ ಒಂದು ಬುದ್ಧಿಯ ಮಾತು, ಮಲಗಿದ್ದವರ ಬಾಯಿಂದ ಬಂತು.

ಎರಡನೇ ಪರೀಕ್ಷೆಯ ದಿನ ನಾನು ರಜೆ ಹಾಕಿ ಜತೆಗೆ ಹೋದೆ. ಪ್ರಯೋಗಾಲಯದ ಕಿಟಕಿಗಳು ಪಡಸಾಲೆಗೆ ತೆರೆದಿದ್ದವು, ಅಲ್ಲೇ ನಿಂತೆ. ಅದೇ ಪರೀಕ್ಷಕಿ. ಅಕ್ಕ ಪಿಪೆಟ್ಟಿನಿಂದ ಆಮ್ಲ ಅಳೆದು ಫ್ಲಾಸ್ಕಿಗೆ ಬಿಟ್ಟು, ಎರಡು ಹನಿ ಸೂಚಕ ಹಾಕಿದಳು. ಆಮೇಲೆ ಸೀರೆಯ ಮೇಲೆ ಹಾಕಿಕೊಂಡಿದ್ದ ಏಪ್ರನ್ನಿನ ಜೇಬಿಗೆ ಕೈಹಾಕಿ ಏನನ್ನೋ ತೆಗೆದು ಫ್ಲಾಸ್ಕಿನ ಕುತ್ತಿಗೆಗೆ ಕಟ್ಟತೊಡಗಿದಳು. ನಕಲು ಚೀಟಿಯೇ?

ಅದು ದಾರ ಪೋಣಿಸಿದ ಬಿಳಿ ಬಟ್ಟೆಯ ತುಂಡು. ಅದರ ಮೇಲೆ ಅಳಿಸದ ಶಾಯಿಯಲ್ಲಿ ಒಂದೇ ಮಾತು: ತೊಳೆಯಬೇಡಿ.

ಆ ಚೀಟಿಯ ಕಥೆ ನನಗೆ ಗೊತ್ತಿತ್ತು. ಅಕ್ಕ ಕೆಲಸಕ್ಕೆ ಸೇರಿದ ಹೊಸತರಲ್ಲಿ, ತೀರಿಹೋದ ಒಬ್ಬರ ಅಂಗಿಯನ್ನು ಜೇಬು ನೋಡದೆ ಯಂತ್ರಕ್ಕೆ ಹಾಕಿದ್ದಳು. ಜೇಬಿನಲ್ಲಿ ಅವರು ಮಗಳಿಗೆ ಬರೆದ ಕಾಗದವಿತ್ತು. ಮಗಳು ಕೇಳಿಕೊಂಡು ಬಂದಾಗ ಕೈಗೆ ಸಿಕ್ಕಿದ್ದು ಒಂದು ಹಿಡಿ ಮುದ್ದೆ. ಆ ಹುಡುಗಿ ಬೈಯಲಿಲ್ಲವಂತೆ, ಮುದ್ದೆಯನ್ನೇ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದಳಂತೆ. ಅಂದಿನಿಂದ ಅಕ್ಕ ಈ ಚೀಟಿಗಳನ್ನು ತಾನೇ ಹೊಲಿದು ಜೇಬಿನಲ್ಲಿಟ್ಟುಕೊಳ್ಳುತ್ತಾಳೆ. ಚೀಟಿ ಕಟ್ಟಿದ ಬಟ್ಟೆಗಂಟನ್ನು ಅದರ ಕಡೆಯವರು ಬಂದು ಒಪ್ಪಿಸಿಕೊಳ್ಳುವವರೆಗೆ ಅವಳು ಮುಟ್ಟುವುದಿಲ್ಲ.

ಹನಿ ಬಿತ್ತು. ಇನ್ನೊಂದು ಹನಿ. ಗುಲಾಬಿ ಬಂತು. ಅಕ್ಕನ ಬಲಗೈ ಫ್ಲಾಸ್ಕಿನತ್ತ ಹೊರಟಿತು, ನಾನು ಕಿಟಕಿಯ ಸರಳು ಹಿಡಿದೆ. ಕೈ ದಾರಕ್ಕೆ ತಗುಲಿತು. ನಿಂತಿತು. ಹಿಂದೆ ಬಂದು ಅವಳ ಸೆರಗಿನಲ್ಲಿ ಸೇರಿಕೊಂಡಿತು.

ಪರೀಕ್ಷಕಿ ಬಂದರು. ಕನ್ನಡಕ ಏರಿಸಿ ಓದಿದರು.

“ಏನ್ರೀ ಇದು? ನಾನೇನು ನಿಮ್ಮ ಫ್ಲಾಸ್ಕ್ ತೊಳೀತೀನಾ?”

“ನಿಮಗಲ್ಲ ಮೇಡಂ. ನನ್ನ ಕೈಗೆ ಬರೆದಿದ್ದು.”

ಅವರು ನಗಲಿಲ್ಲ. ಬಣ್ಣ ನೋಡಿದರು, ಅಳತೆ ನೋಡಿದರು, ಸಹಿ ಹಾಕಿದರು. “ಇನ್ನು ತೊಳೀಬಹುದು” ಎಂದರು. ಅಕ್ಕ ಚೀಟಿ ಬಿಚ್ಚಿಕೊಂಡು ಮೂರು ಸಲ ತೊಳೆದಳು.

ಬೇಕಾದದ್ದಕ್ಕಿಂತ ನಾಲ್ಕು ಅಂಕ ಹೆಚ್ಚು ಬಂತು. ಅವಳ ಕೋಣೆಯ ಫಲಕದಿಂದ ‘ಹಂಗಾಮಿ’ ಎಂಬುದನ್ನು ಅಳಿಸಲು ಆಸ್ಪತ್ರೆ ಎರಡು ತಿಂಗಳು ತೆಗೆದುಕೊಂಡಿತು. ಕೊನೆಗೆ ಅವಳೇ ಒಂದು ಬಟ್ಟೆಗೆ ಯಾವುದೋ ದ್ರಾವಣ ಹಚ್ಚಿ ಒಂದೇ ಉಜ್ಜಿಗೆ ತೆಗೆದಳು. ಕೋಟು ಕೈಕುಲುಕಿ, “ನೋಡಿ, ಕಲಿತದ್ದು ಎಷ್ಟು ಉಪಯೋಗಕ್ಕೆ ಬಂತು” ಎಂದರಂತೆ.

ಮುಂದಿನ ಭಾನುವಾರ ನಾನು ಅಭಿನಂದನೆ ಸ್ವೀಕರಿಸಲು ಹೋದೆ. ಗುರುವಿಗೂ ಒಂದು ಪಾಲು ಇರುತ್ತದಲ್ಲ. ಅಕ್ಕ ಹಸಿರು ಪುಸ್ತಕ ತಂದುಕೊಟ್ಟಳು. ರಟ್ಟು ಹಬೆಗೆ ಉಬ್ಬಿತ್ತು, ಹಾಳೆಗಳ ಅಂಚು ಪೂರ್ತಿ ಕಂದಿತ್ತು.

“ಹೊಸದಾಗಿತ್ತು ಪುಸ್ತಕ. ಹಾಳುಮಾಡಿಬಿಟ್ಟೆ” ಎಂದಳು.

“ಹೊಸದೆಲ್ಲಿ ಅಕ್ಕ? ಮೂರು ವರ್ಷ ಓದಿದ್ದೀನಿ ನಾನು.”

ಅಕ್ಕ ಒಗೆದ ಬಟ್ಟೆ ಮಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

“ಮೂರನೇ ಪಾಠದಿಂದ ಆಚೆ ಹಾಳೆಗಳು ಒಂದಕ್ಕೊಂದು ಅಂಟ್ಕೊಂಡೇ ಇದ್ವು ಕಣೋ. ಉಟ್ಟ ಬಟ್ಟೆ ಯಾವುದು, ಮಡಿಸಿಟ್ಟಿದ್ದು ಯಾವುದು ಅಂತ ನನಗೆ ಗೊತ್ತಾಗಲ್ವಾ? ನೀನು ಕೊಟ್ಟ ದಿನವೇ ಗೊತ್ತಾಯ್ತು.”

ಗೈಡುಗಳನ್ನು ಬಾಯಿಪಾಠ ಮಾಡಿ ದಾಟಿದ ಮೂರು ವರ್ಷಗಳು, ಅವಳು ಕೂಲಿಗೆ ಬಟ್ಟೆ ಒಗೆದ ಅದೇ ಮೂರು ವರ್ಷಗಳು, ಅಡುಗೆಮನೆಯ ನಡುವೆ ನಿಂತುಕೊಂಡವು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

“ಮತ್ತೆ ಒಂದು ವರ್ಷ ನನ್ನ ಪಾಠ ಯಾಕೆ ಕೇಳಿದೆ?”

“ನೀನು ಹೇಳಿದ ಮೇಲೆ ತಾನೇ ನಾನು ಅದನ್ನ ಪುಸ್ತಕದಲ್ಲಿ ಸರಿಯಾಗಿ ನೋಡ್ಕೊಳ್ತಿದ್ದಿದ್ದು” ಎಂದಳು. ಮಡಿಸಿದ ಬಟ್ಟೆಯನ್ನು ಅಂಗೈಯಿಂದ ಒಮ್ಮೆ ಸವರಿದಳು. “ಅಲ್ದೆ, ಭಾನುವಾರ ಅಂತ ಒಂದು ದಿನ ನೀನು ಮನೆಗೆ ಬರ್ತಿದ್ದೆ.”

ನಾನು ಎದ್ದು ನೀರು ಕುಡಿಯಲು ಹೋದೆ. ನಲ್ಲಿಯ ಪಕ್ಕದ ಮೊಳೆಗೆ ಆ ಬಿಳಿ ಚೀಟಿ ನೇತಾಡುತ್ತಿತ್ತು. ಸುಮಾರು ಹೊತ್ತು ಅದನ್ನೇ ಓದುತ್ತ ನಿಂತೆ. ಆಮೇಲೆ ಪುಸ್ತಕ ತೆರೆದು ನಾಲ್ಕನೇ ಪಾಠಕ್ಕೆ ಬಂದು, “ಅಕ್ಕಾ, ಇದೊಂಚೂರು ಹೇಳಿಕೊಡ್ತೀಯಾ?” ಎಂದೆ.